ಹೊಸ ಅಗ್ನಿಶಾಮಕರನ್ನು ಹೊಗೆಯೊಳಗೆ ಕಳುಹಿಸುವ ಮುನ್ನ: ಸಚಿವರಿಗೊಂದು ಬಹಿರಂಗ ಪತ್ರ

ಅಗ್ನಿಶಾಮಕ ಸೇವೆಯ ಹೊಣೆ ಹೊತ್ತ ಮಾನ್ಯ ಸಚಿವರಿಗೆ,

ಸೇವೆಗೆ ಹೊಸದಾಗಿ ಸೇರಿದವರಿಗೆ ವರ್ಷಗಟ್ಟಲೆ ಡ್ರಿಲ್ ಮಾಡಿಸಿದವನಾಗಿ ತಮ್ಮ ಮುಂದೆ ಒಂದು ಕೋರಿಕೆ ಇಡುತ್ತಿದ್ದೇನೆ. ಲಿಖಿತ ಪರೀಕ್ಷೆ ಪಾಸಾದರೆಂಬ ಕಾರಣಕ್ಕೆ ಯಾರನ್ನೂ ಹೊಗೆ ತುಂಬಿದ ಕಟ್ಟಡದೊಳಗೆ ಹೋಗುವ ತಂಡಕ್ಕೆ ಸೇರಿಸಬಾರದು. ಕಲಿತದ್ದನ್ನು ತರಬೇತಿ ಮೈದಾನದ ನಿಜವಾದ ಬೆಂಕಿಯೆದುರು ಮಾಡಿ ತೋರಿಸಿದ ಮೇಲೆಯೇ ಆ ಅನುಮತಿ ಸಿಗಬೇಕು.

ಉರಿಯಲು ಇಂಧನ, ಆಮ್ಲಜನಕ ಮತ್ತು ಶಾಖ ಬೇಕೆಂಬುದನ್ನು ಹೊಸಬರೆಲ್ಲ ಒಪ್ಪಿಸುತ್ತಾರೆ. ಆದರೆ ಹೊತ್ತಿಕೊಂಡ ಎಣ್ಣೆಯ ಬಾಣಲೆಗೆ ನೀರೇಕೆ ಹಾಕಬಾರದು ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು, ಅಲ್ಲಿ ಒಮ್ಮೆಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುವಾಗ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಇದೇ ಹಿಗ್ಗುವಿಕೆ ಮುಚ್ಚಿದ ಕೋಣೆಯಲ್ಲೂ ಕೆಲಸ ಮಾಡುತ್ತದೆ. ಸುಡುವ ಕೋಣೆಯೊಳಗೆ ನಿಂತು ಲೆಕ್ಕವಿಲ್ಲದೆ ನೀರು ಸಿಂಪಡಿಸಿದವನು ತನ್ನ ಜೊತೆಗಾರರನ್ನೇ ಬಿಸಿ ಹಬೆಯಲ್ಲಿ ಬೇಯಿಸಬಹುದು. ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಹೊಗೆ ಉಸಿರಾಡುವಂತೆ ಒಳಕ್ಕೂ ಹೊರಕ್ಕೂ ಆಡುತ್ತಿದ್ದರೆ, ಒಳಗಿನ ಬೆಂಕಿ ಗಾಳಿಗಾಗಿ ಕಾದಿದೆಯೆಂದೂ ಬಾಗಿಲು ತೆರೆದ ಕ್ಷಣ ಸಿಡಿದೇಳಬಹುದೆಂದೂ ಅರ್ಥ. ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದರೆ ಸಾಲದು, ಕಣ್ಣಾರೆ ಕಂಡಿರಬೇಕು.

ಉಸಿರಾಟದ ಉಪಕರಣದ ವಿಷಯದಲ್ಲಂತೂ ರಿಯಾಯಿತಿಯೇ ಇರಕೂಡದು. ಹೊಗೆಯಲ್ಲಿರುವ ವಿಷಾನಿಲ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂಗನ್ನು ನಂಬಿದವನು ಕುಸಿದು ಬೀಳುವವರೆಗೂ ಎಚ್ಚರಗೊಳ್ಳುವುದಿಲ್ಲ. ಬೆನ್ನಿಗೆ ಹೊತ್ತ ಗಾಳಿಯ ಸಿಲಿಂಡರಿನ ಮೇಲೆ ನಮೂದಾದ ನಿಮಿಷಗಳೂ ಹಾಗೆಯೇ ಮೋಸಗೊಳಿಸುತ್ತವೆ, ಏಕೆಂದರೆ ಮೆಟ್ಟಿಲು ಹತ್ತಿ ಹೋಸ್ (ನೀರಿನ ಕೊಳವೆ) ಎಳೆಯುವವನ ಉಸಿರು ಕುಳಿತವನದಕ್ಕಿಂತ ಎಷ್ಟೋ ಬೇಗ ಗಾಳಿಯನ್ನು ಮುಗಿಸುತ್ತದೆ. ಒಮ್ಮೆ ಹೊಗೆಕೋಣೆಯ ಅಭ್ಯಾಸದಲ್ಲಿ, ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನೊಬ್ಬ ಕೈಯಲ್ಲಿದ್ದ ಹೋಸನ್ನು ಬಿಟ್ಟುಬಿಟ್ಟ. ಹೋಸಿನ ತುಂಡುಗಳು ಕೂಡುವ ಜೋಡಣೆಯನ್ನು ಬೆರಳಿನಿಂದ ತಡವಿ ಹೊರದಾರಿ ಯಾವ ಕಡೆಗಿದೆಯೆಂದು ತಿಳಿಯುವ ಕ್ರಮ ಅವನಿಗೆ ಬಾಯಿಪಾಠವಾಗಿತ್ತು. ಆದರೂ ಕತ್ತಲೆಯಲ್ಲಿ ದಪ್ಪ ಕೈಗವಸು ತೊಟ್ಟು, ಒಂದು ಮಾರು ದೂರದಲ್ಲಿ ಬಿದ್ದಿದ್ದ ಹೋಸಿಗಾಗಿ ಗೋಡೆಯನ್ನೇ ಸವರುತ್ತಿದ್ದ. ಗಾಳಿ ಕಡಿಮೆಯಾಗಿ ಎಚ್ಚರಿಕೆಯ ಸೀಟಿ ಊದತೊಡಗಿದಾಗ ನಾವೇ ಕೈಹಿಡಿದು ಹೊರತಂದೆವು. ಅದು ಅಭ್ಯಾಸವಾಗಿದ್ದರಿಂದ ಅವನು ಮರುದಿನ ಮತ್ತೆ ಒಳಹೋಗಿ ಸರಿಯಾಗಿ ಕಲಿತ.

ಹೊಸಬರ ಕೆಲಸದ ದೊಡ್ಡ ಪಾಲು ನಡೆಯುವುದು ಠಾಣೆಯಲ್ಲಿ. ಪಾಳಿ ಬದಲಾದ ಕೂಡಲೇ ಸಿಲಿಂಡರಿನ ಒತ್ತಡ ನೋಡುವುದು, ಮುಖಕವಚ ಮುಖಕ್ಕೆ ಸರಿಯಾಗಿ ಅಂಟುವುದೇ ಎಂದು ಪರೀಕ್ಷಿಸುವುದು, ಪಂಪು ಚಾಲೂ ಮಾಡಿ ನೋಡುವುದು, ಹೋಸ್ ಒಣಗಿಸಿ ಸುತ್ತಿಡುವುದು ಅವರ ಪಾಲಿನ ಕರ್ತವ್ಯ. (ಕಸ ಗುಡಿಸಿ ಅಧಿಕಾರಿಗಳಿಗೆ ಚಹಾ ತರುವುದೂ ತರಬೇತಿಯ ಭಾಗವೆಂದು ಕೆಲವರು ಭಾವಿಸಿದಂತಿದೆ, ಅದನ್ನು ನಾನು ಒಪ್ಪುವುದಿಲ್ಲ.) ಬೆಂಕಿಯಿಂದ ಮರಳಿದ ಮೇಲೆ ಉಡುಪನ್ನು ತೊಳೆಯುವುದೂ ಇಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಅಗ್ನಿಶಾಮಕರ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹೀಗಿದ್ದೂ ಮಸಿ ಹಿಡಿದ ಕೋಟನ್ನು ಹೆಮ್ಮೆಯಿಂದ ತೊಡುವ ಚಾಳಿ ಹಿರಿಯರಿಂದ ಕಿರಿಯರಿಗೆ ದಾಟುತ್ತಲೇ ಇದೆ. ಒಬ್ಬರಿಗೆ ಒಂದೇ ಜೊತೆ ಉಡುಪು ಕೊಟ್ಟು, ತೊಳೆಯಿರಿ ಎಂದು ಆದೇಶಿಸಿದರೆ, ಅದು ಒಣಗುವ ಮುನ್ನ ಮುಂದಿನ ಕರೆ ಬಂದಾಗ ಅವರು ಏನನ್ನು ತೊಡಬೇಕು?

ಆದ್ದರಿಂದ ಪ್ರತಿಯೊಬ್ಬ ಹೊಸಬರಿಗೂ ಎರಡು ಜೊತೆ ರಕ್ಷಣಾ ಉಡುಪು ದೊರೆಯುವಂತೆಯೂ, ಹೊಗೆಕೋಣೆ ಮತ್ತು ನೈಜ ಬೆಂಕಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ಅವರನ್ನು ಕಟ್ಟಡದ ಹೊರಗಿನ ಕೆಲಸಕ್ಕಷ್ಟೇ ನಿಯೋಜಿಸುವಂತೆಯೂ ತಾವು ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಸಿಬ್ಬಂದಿ ಕೊರತೆಯ ನೆಪದಲ್ಲಿ ಠಾಣಾಧಿಕಾರಿಗಳು ಇದನ್ನು ಸಡಿಲಿಸದಂತೆ ಆ ಆದೇಶದಲ್ಲಿಯೇ ಸ್ಪಷ್ಟಪಡಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಅಗ್ನಿಶಾಮಕ ತರಬೇತುದಾರ