ಹೊಗೆಸೊಪ್ಪಿನ ಕಾಲಕ್ಕೆ ಅವ್ವನಿಗೊಂದು ಕಾಗದ

ಬರ್ಮಿಂಗ್‌ಹ್ಯಾಮ್
6 ಜುಲೈ 2025

ಪ್ರೀತಿಯ ಅವ್ವನಿಗೆ,

ನಿನ್ನ ಮಗ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಈ ಕಾಗದವನ್ನು ತಂಗಿ ಕೈಲಿ ಓದಿಸಿಕೋ, ಅಣ್ಣನೂ ಪಕ್ಕದಲ್ಲಿರಲಿ. ಫೋನಿನಲ್ಲೇ ಹೇಳೋಣ ಅಂತ ಎಷ್ಟೋ ಸಲ ಅಂದುಕೊಂಡೆ, ಬಾಯಿ ಬರಲಿಲ್ಲ.

ನಾನು ಸಿಗರೇಟು ಬಿಟ್ಟೆ ಅವ್ವ. ಮಾರ್ಚ್ 1ಕ್ಕೆ ಬಿಟ್ಟಿದ್ದು, ನಾಲ್ಕು ತಿಂಗಳಾಯಿತು.

ಈ ಮಾತನ್ನು ಮೂರು ವರ್ಷದ ಹಿಂದೆಯೂ ಹೇಳಿದ್ದೆ, ಬೆಟ್ಟದಪುರದಲ್ಲಿ, ಸಿಡಿಲು ಮಲ್ಲಿಕಾರ್ಜುನನ ಮುಂದೆ ನಿನ್ನ ಕೈ ಹಿಡಿದುಕೊಂಡು. ಅದು ಸುಳ್ಳು. ಅವತ್ತು ಬೆಟ್ಟ ಹತ್ತುವಾಗ ನಾಲ್ಕು ಕಡೆ ಕೂತೆನಲ್ಲ, ಶೂ ಕಚ್ಚುತ್ತಿದೆ ಅಂದೆನಲ್ಲ. ಶೂ ಕಚ್ಚಿರಲಿಲ್ಲ, ಉಸಿರು ಸಾಲುತ್ತಿರಲಿಲ್ಲ. ಅರವತ್ತು ದಾಟಿದ ನೀನು ಮೇಲಿನ ಮೆಟ್ಟಿಲಲ್ಲಿ ನಿಂತು ನನ್ನ ದಾರಿ ಕಾಯುತ್ತಿದ್ದೆ. ಅದನ್ನು ಮರೆಯೋಕೆ ಆಗಲೇ ಇಲ್ಲ.

ಇಲ್ಲಿ ಸಿಗರೇಟು ಬಿಡಿಸುವುದಕ್ಕೇ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಜನ ಇದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಮೊದಲ ದಿನ ನರ್ಸಮ್ಮ ಒಂದು ಚಿಕ್ಕ ಯಂತ್ರ ಕೈಗೆ ಕೊಟ್ಟು, ಹದಿನೈದು ಎಣಿಸುವವರೆಗೆ ಉಸಿರು ಹಿಡಿದು ಊದು ಅಂದರು. ಹೊಗೆಯಿಂದ ರಕ್ತಕ್ಕೆ ಸೇರುವ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ಅದು ತೋರಿಸುತ್ತದೆ. ಸೇದದವರಿಗೆ 10ರ ಒಳಗೆ ಇರಬೇಕು. ನನಗೆ 24 ಬಂತು. ಬಿಟ್ಟು ಒಂದು ವಾರಕ್ಕೆ ಊದಿದಾಗ 2. ಆ 2 ನೋಡಿ ಅಲ್ಲೇ ಕಣ್ಣಲ್ಲಿ ನೀರು ಬಂತು.

ಏನು ಔಷಧಿ ಕೊಟ್ಟರು ಅಂತ ಕೇಳುತ್ತೀಯ. ತೋಳಿಗೆ ಅಂಟಿಸುವ ಪಟ್ಟಿ. ಮಳೆಯಲ್ಲಿ ಒದ್ದೆ ಹೊಗೆಸೊಪ್ಪು ಮುರಿದ ದಿನ ನಿನಗೆ ತಲೆ ಸುತ್ತಿ ವಾಂತಿ ಆಗುತ್ತಿತ್ತಲ್ಲ, ಪಿತ್ತ ಅಂತ ನಿಂಬೆಹಣ್ಣು ಕುಡಿಸುತ್ತಿದ್ದೆವು. ಅದು ಪಿತ್ತ ಅಲ್ಲವಂತೆ. ಎಲೆಯಲ್ಲಿರುವ ನಿಕೋಟಿನ್ ನೀರಿನ ಜೊತೆ ಚರ್ಮದೊಳಗೆ ಇಳಿಯುತ್ತದೆ. ಈ ಪಟ್ಟಿಯಲ್ಲಿರುವ ನಿಕೋಟಿನೂ ಅದೇ ದಾರಿಯಲ್ಲಿ ಒಳಗೆ ಇಳಿಯುತ್ತದೆ, ಆದರೆ ಅಳತೆಯಲ್ಲಿ, ಹೊಗೆ ಇಲ್ಲದೆ. ಆರು ವಾರ 21 ಮಿಲಿಗ್ರಾಂ, ಆಮೇಲೆ ಎರಡು ವಾರ 14, ಕೊನೆಯ ಎರಡು ವಾರ 7. ಮೇ ತಿಂಗಳಲ್ಲಿ ಅದೂ ನಿಂತಿತು.

ಪಟ್ಟಿ ಹಾಕಿಕೊಂಡು ಮಲಗಿದರೆ ಕನಸು ಜಾಸ್ತಿ. ಒಂದು ರಾತ್ರಿ ಅಪ್ಪ ಬಂದಿದ್ದರು. ಸೊಪ್ಪು ಹದ ಮಾಡುವ ಬ್ಯಾರನ್ ಮನೆ ಬಾಗಿಲಲ್ಲಿ ಕೂತು ಸೌದೆ ಒಳಕ್ಕೆ ತಳ್ಳುತ್ತಿದ್ದರು, ಬೇಯುವ ಸೊಪ್ಪಿನ ಸಿಹಿ ವಾಸನೆ ಬರುತ್ತಿತ್ತು. ಏನೂ ಮಾತಾಡಲಿಲ್ಲ. ಎದ್ದ ಮೇಲೆ ಬಹಳ ಹೊತ್ತು ಹಾಗೇ ಕೂತಿದ್ದೆ.

ಸುಲಭ ಆಗಲಿಲ್ಲ. ನೈಟ್ ಶಿಫ್ಟಿನಲ್ಲಿ ಟೀ ಕೈಗೆ ಬಂದರೆ ಬೆರಳು ತಾನಾಗೇ ಜೇಬಿಗೆ ಹೋಗುತ್ತಿತ್ತು. ಸುಮ್ನೆ ಸುಮ್ನೆ ನಿನ್ನ ಸೊಸೆ ಮೇಲೆ ರೇಗಿದೆ. ಹತ್ತೊಂಬತ್ತನೇ ದಿನ ಜೊತೆಯವನು ಕೊಟ್ಟದ್ದನ್ನು ಎರಡು ದಮ್ಮು ಎಳೆದೂಬಿಟ್ಟೆ. ನರ್ಸಮ್ಮನ ಹತ್ತಿರ ಹೇಳಿದೆ, ಬೈಯಲಿಲ್ಲ, ನಾಳೆ ಪಟ್ಟಿ ಮರೆಯಬೇಡ ಅಂದರು ಅಷ್ಟೆ. ಈಗ ಪುಟ್ಟಿ ಬಂದು ಕತ್ತಿಗೆ ಜೋತು ಬೀಳುತ್ತಾಳೆ. ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಅಣ್ಣಾ, ನಿನಗೊಂದು ಮಾತು. ಅಪ್ಪ ಆ ಸೊಪ್ಪು ಮಾರಿಯೇ ನನ್ನನ್ನು ಮೈಸೂರಿನಲ್ಲಿ ಓದಿಸಿದ್ದು. ಬೆಳೆ ಬಿಡು ಅಂತ ಇಲ್ಲಿ ಕೂತು ಹೇಳುವ ಮುಖ ನನಗಿಲ್ಲ. ಬೀಡಿ ಮಾತ್ರ ಬಿಡು. ಒಬ್ಬನೇ ಬಿಡೋಕೆ ಕಷ್ಟ, ನನಗೆ ಗೊತ್ತು. ದಿನಾ ರಾತ್ರಿ ಫೋನ್ ಮಾಡುತ್ತೇನೆ, ಎಷ್ಟು ಸೇದಿದೆ ಅಂತ ನಿಜ ಹೇಳು, ಸಾಕು.

ಇಲ್ಲಿ ಸಿಗರೇಟು ಬಹಳ ದುಬಾರಿ. ಉಳಿದ ದುಡ್ಡಿನಲ್ಲಿ ಅವ್ವನಿಗೆ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು ನಾಲ್ಕು ಜೊತೆ, ಒಂದು ಮಳೆಕೋಟು ತಗೊಂಡಿದ್ದೇನೆ. ಮುಂದಿನ ವಾರ ಊರಿಗೆ ಬರುವ ಗೆಳೆಯನ ಕೈಲಿ ಕಳಿಸುತ್ತೇನೆ. ಅವ್ವ, ಅದು ಕೈಗೆ ಬರುವವರೆಗೆ ಒದ್ದೆ ಸೊಪ್ಪು ಮುಟ್ಟಬೇಡ. ಬಿಸಿಲು ಬಂದು ಎಲೆ ಆರಲಿ.

ನಿನ್ನ ಮಗ