ಉಸಿರಿನಷ್ಟುದ್ದದ ಸಾಲುಗಳು

ಮೊನ್ನೆಯ ಕವಿಗೋಷ್ಠಿಯಲ್ಲಿ ನಾನು ಓದಿದ್ದು ಒಂದೇ ಕವಿತೆ, 22 ಸಾಲು. ಸಭೆಯ ಎದುರು ನನ್ನ ದನಿ ಎದ್ದದ್ದು 11 ತಿಂಗಳ ಮೇಲೆ. ಅದಕ್ಕೆ ಕಾರಣರಾದವರಿಗೆ ಅಲ್ಲೇ ವಂದನೆ ಹೇಳಬೇಕಿತ್ತು. ಇದ್ದ ದನಿಯೆಲ್ಲ ಕವಿತೆಗೇ ಮುಗಿದಿತ್ತು, ಹಾಗಾಗಿ ಬರೆಯುತ್ತಿದ್ದೇನೆ.

ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರ ನನ್ನ ಎಡಗಡೆಯ ಧ್ವನಿತಂತು ಅಲುಗಾಡದಾಯಿತು. ಧ್ವನಿಪೆಟ್ಟಿಗೆಯ ನರ ಆ ಗ್ರಂಥಿಯ ಹಿಂಬದಿಯಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಹೀಗಾಗುವುದುಂಟು. ಎರಡು ತಂತುಗಳು ಕೂಡದೆ ನಡುವೆ ಸಂದು ಉಳಿದರೆ ದನಿ ಒಡೆಯುತ್ತದೆ ಎಂದಷ್ಟೇ ತಿಳಿದಿದ್ದೆ. ಉಸಿರೂ ಸೋರಿಹೋಗುತ್ತದೆ ಎಂಬುದು ಕವಿತೆ ಓದಲು ಹೊರಟಾಗ ಗೊತ್ತಾಯಿತು. ಭಾಮಿನಿ ಷಟ್ಪದಿಯ ಮೂರನೆಯ ಸಾಲಿಗೆ 23 ಮಾತ್ರೆ. ಚಿಕ್ಕಂದಿನಿಂದ ಒಂದೇ ಉಸಿರಿಗೆ ಹೇಳುತ್ತಿದ್ದ ಅಂಥ ಸಾಲು ಅರ್ಧ ದಾರಿಯಲ್ಲೇ ಬತ್ತುತ್ತಿತ್ತು. ಆ ದಿನಗಳಲ್ಲಿ ಬಹಳ ಅತ್ತಿದ್ದೇನೆ.

ಉಸಿರು ಮುಗಿಯುವ ಮೊದಲೇ ಸಾಲು ಮುಗಿಸುವುದನ್ನು ತಿಂಗಳುಗಟ್ಟಲೆ ಕಲಿಸಿದ ವಾಕ್ ಚಿಕಿತ್ಸಕಿಗೆ ಮೊದಲ ವಂದನೆ. ಆ ಪಾಠ ಹಿಡಿದು ಕವಿತೆಯ ಸಾಲುಗಳನ್ನೆಲ್ಲ ಮುರಿದು ಕಟ್ಟಿದೆ. ಕಟ್ಟುವಾಗ ಎಷ್ಟೋ ವಿಶೇಷಣಗಳು ಉದುರಿದವು. ಒಂದನ್ನೂ ಮರಳಿ ಸೇರಿಸುವ ಮನಸ್ಸಿಲ್ಲ.

ನಾನು ಕೇಳದೆಯೇ ಸಂಚಾಲಕರು ನನ್ನ ಸರದಿಯನ್ನು ಮೊದಲಿಗೇ ಇಟ್ಟರು, ದನಿ ದಣಿಯುವ ಮುನ್ನ ಓದಲೆಂದು. ನಿರೂಪಕಿ ಕಾಯಿಲೆಯ ಮಾತೆತ್ತದೆ, ಹೆಸರು ಮತ್ತು ಶೀರ್ಷಿಕೆ ಹೇಳಿ ಸರಿದರು. ಧ್ವನಿವರ್ಧಕ ನೋಡಿಕೊಂಡವರು ಮೈಕನ್ನು ತುಟಿಯ ಹತ್ತಿರಕ್ಕೆ ತಂದು ತುಸು ಓರೆಯಾಗಿ ತಿರುಗಿಸಿದರು. ಸೋರುವ ಉಸಿರು ಅದಕ್ಕೆ ನೇರ ಬಡಿಯಲಿಲ್ಲ, ಪದ ಮಾತ್ರ ತಲುಪಿತು.

ನನ್ನಿಂದಾಗದಿದ್ದರೆ ಮುಂದುವರಿಸಲೆಂದು ಕಿರಿಯ ಕವಿಯೊಬ್ಬರು ಇನ್ನೊಂದು ಪ್ರತಿ ಹಿಡಿದು ಪಕ್ಕದಲ್ಲಿ ಕುಳಿತಿದ್ದರು. ನಾನು ಓದಿದಂತೆ ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಹದಿನಾಲ್ಕನೆಯ ಸಾಲಿನಲ್ಲಿ ದನಿ ನಿಂತುಹೋಯಿತು. ಬೆರಳೂ ನಿಂತಿತು. ಅವರು ಓದಲು ತೊಡಗಬೇಕು ಎಂದೇ ಮಾತಾಗಿತ್ತು. ತೊಡಗಲಿಲ್ಲ. ನನ್ನ ಮುಖ ನೋಡಿದರು, ಕಾದರು. ಸಭೆಯೂ ಕಾಯಿತು; ಸಮಾಧಾನಕ್ಕೆಂದು ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಗುಟುಕು ನೀರು ಕುಡಿದು ಅದೇ ಸಾಲನ್ನು ಮೊದಲಿನಿಂದ ಓದಿದೆ. ಅಲ್ಲಿಂದ ಕೊನೆಯವರೆಗೂ ದನಿ ಬಂತು. ಒರಟಾಗಿ ಬಂತು, ಆದರೂ ಬಂತು.

ಕೊನೆಯ ಸಾಲಿಗೆ ಹಿಂಬದಿಯ ಕುರ್ಚಿಗಳಿಂದ ‘ಮತ್ತೊಮ್ಮೆ’ ಎಂದವರೇ, ನೀವು ಯಾರೆಂದು ಕಾಣಲಿಲ್ಲ. ಕನಿಕರದಿಂದ ಕೇಳುವವರು ಒಡೆದ ದನಿಗೆ ಮತ್ತೆ ಕೆಲಸ ಹೇಳುವುದಿಲ್ಲ. ಸಾಲು ಹಿಡಿಸಿತೆಂದೇ ನೀವು ಕೇಳಿದಿರಿ. ಮನೆಗೆ ಬಂದ ಮೇಲೂ ಆ ಒಂದು ಪದ ಕಿವಿಯಲ್ಲೇ ಇತ್ತು.

ನನ್ನ ಕವಿತೆಯ ಪ್ರತಿ ಆ ಕಿರಿಯ ಕವಿಯ ಬಳಿಯೇ ಉಳಿದಿದೆ. ಅದು ಅವರಲ್ಲೇ ಇರಲಿ. ಮುಂದಿನ ಗೋಷ್ಠಿಯಲ್ಲಿ ಅವರು ಓದುವಾಗ ಪಕ್ಕದ ಕುರ್ಚಿ ನನ್ನದು.