ಜಾಲತಾಣದ ವಿಳಾಸವನ್ನು ಪೂರ್ತಿಯಾಗಿ ಮುದ್ರಿಸಿ

ಮಾನ್ಯ ಸಂಪಾದಕರೇ,

ಅರ್ಜಿ ಆಹ್ವಾನ, ಫಲಿತಾಂಶ, ನವೀಕರಣದ ಕೊನೆಯ ದಿನ ಇಂಥ ಸುದ್ದಿಗಳ ಕೆಳಗೆ ‘ಹೆಚ್ಚಿನ ಮಾಹಿತಿಗೆ ಜಾಲತಾಣಕ್ಕೆ ಭೇಟಿ ನೀಡಿ’ ಎಂದು ಬರೆದು ಪತ್ರಿಕೆಗಳು ಕೈತೊಳೆದುಕೊಳ್ಳುತ್ತವೆ. ಯಾವ ಜಾಲತಾಣ ಎಂಬುದು ಎಷ್ಟೋ ಸಲ ಇರುವುದಿಲ್ಲ. ಇದ್ದರೂ ಕಾಲಮ್ಮಿನ ಅಗಲ ಸಾಲದೆ ವಿಳಾಸ ಎರಡು ಸಾಲಿಗೆ ಮುರಿದು, ಮುರಿದಲ್ಲಿ ಒಂದು ಅಡ್ಡಗೆರೆ ಕುಳಿತಿರುತ್ತದೆ. ಅದು ವಿಳಾಸಕ್ಕೆ ಸೇರಿದ್ದೋ, ಸಾಲು ಮುರಿದ ಗುರುತೋ ಓದುಗನಿಗೆ ತಿಳಿಯುವುದು ಹೇಗೆ?

ನಮ್ಮ ಸೋದರಮಾವನವರು ಆ ಅಡ್ಡಗೆರೆಯನ್ನೂ ಬಿಡದೆ ಟೈಪ್ ಮಾಡಿದರು. ಪುಟ ತೆರೆಯಲಿಲ್ಲ. ಆಮೇಲೆ ಎಲ್ಲರೂ ಮಾಡುವಂತೆ ಸೇವೆಯ ಹೆಸರನ್ನೇ ಹುಡುಕುಪಟ್ಟಿಯಲ್ಲಿ ಹಾಕಿ, ಮೇಲೆ ಬಂದ ಮೊದಲ ಕೊಂಡಿಯನ್ನು ಒತ್ತಿ, ಹೆಸರು, ಜನ್ಮದಿನಾಂಕ, ಫೋನ್ ಸಂಖ್ಯೆ ತುಂಬಿ ಹಣವನ್ನೂ ಕಟ್ಟಿದರು. ರಸೀದಿಯಲ್ಲಿ ‘ಸೇವಾ ಶುಲ್ಕ’ ಎಂದು ಕಂಡಾಗಲೇ ಅವರಿಗೆ ಅನುಮಾನ ಬಂದದ್ದು. ನಾನು ಆ ಪುಟವನ್ನು ಕೊನೆಯವರೆಗೆ ಸರಿಸಿ ನೋಡಿದರೆ, ತಿಳಿಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ನಾವು ಖಾಸಗಿ ಸಲಹೆಗಾರರು, ಮೂಲ ಸಂಸ್ಥೆಗೂ ನಮಗೂ ಸಂಬಂಧವಿಲ್ಲ’ ಎಂದಿತ್ತು. ಮೂಲ ತಾಣದಲ್ಲಿ ಅದೇ ಕೆಲಸ ಉಚಿತ. ಹುಡುಕಾಟದ ಪುಟಕ್ಕೆ ಮರಳಿದಾಗ ಆ ಕೊಂಡಿಯ ಮೇಲೆ ‘ಪ್ರಾಯೋಜಿತ’, ಅಂದರೆ ಹಣ ಕೊಟ್ಟು ಹಾಕಿಸಿದ ಜಾಹೀರಾತು, ಎಂಬ ಪದವೂ ಇತ್ತು. ಒಪ್ಪಿಕೊಳ್ಳಬೇಕು, ಮೊದಲ ನೋಟಕ್ಕೆ ಅದು ನನಗೂ ಕಾಣಲಿಲ್ಲ.

1998ರಲ್ಲಿ ಆರಂಭವಾದ ಗೂಗಲ್ ಹುಡುಕುಪದಗಳ ಆಧಾರದ ಮೇಲೆ ಜಾಹೀರಾತು ಮಾರುವ ತನ್ನ ವ್ಯವಸ್ಥೆಯನ್ನು 2000ದಲ್ಲಿ ತಂದಿತು. ನಾವು ಯಾವ ಪದ ಹುಡುಕುತ್ತೇವೋ ಆ ಪದಕ್ಕೆ ಅಲ್ಲಿ ಜಾಹೀರಾತುದಾರರ ನಡುವೆ ಹರಾಜು ನಡೆಯುತ್ತದೆ. ಹಿಂದೆ ಜಾಹೀರಾತಿನ ಹಿನ್ನೆಲೆಗೆ ಬೇರೆ ಬಣ್ಣವಿರುತ್ತಿತ್ತು, ಈಗ ಉಳಿದಿರುವುದು ಆ ಸಣ್ಣ ಪದವೊಂದೇ. ಗ್ರಾಹಕ ಸೇವೆಯ ಫೋನ್ ಸಂಖ್ಯೆಯನ್ನು ಹುಡುಕಾಟದಲ್ಲಿ ಹೆಕ್ಕುವವರ ಪಾಡು ಇನ್ನೂ ಕೆಟ್ಟದ್ದು.

‘ವಿಳಾಸದ ಪಕ್ಕ ಬೀಗದ ಚಿತ್ರ ಇತ್ತಲ್ಲ’ ಎಂದು ಮಾವನವರು ವಾದಿಸಿದರು. ನಾವು ಕಳುಹಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಆ ಬೀಗದ ಅರ್ಥ. ಅದನ್ನು ಪಡೆಯುವವನು ಸಾಚಾ ಎಂದಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರ ಇಂದು ಯಾರಿಗಾದರೂ ಉಚಿತವಾಗಿ ಸಿಗುತ್ತದೆ, ಮೋಸದ ತಾಣಗಳಿಗೂ. ಜನ ತಪ್ಪು ತಿಳಿಯುತ್ತಿದ್ದಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ವಿಳಾಸಪಟ್ಟಿಯಿಂದ ಬೀಗವನ್ನು ತೆಗೆದುಹಾಕಿತು.

ಆದ್ದರಿಂದ ನೋಡಬೇಕಾದದ್ದು ವಿಳಾಸವನ್ನೇ, ಅದೂ ಹಿಂದಿನಿಂದ. ಮೊದಲ ಒಂಟಿ ಓರೆಗೆರೆಯವರೆಗಿನ (/) ಭಾಗದಲ್ಲಿ ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಬಾಲಕ್ಕೆ ತಾಗಿ ಎಡಗಡೆ ಇರುವ ಹೆಸರೇ ತಾಣದ ಒಡೆಯನದು. (ದೇಶದ ಗುರುತಿರುವ ವಿಳಾಸಗಳಲ್ಲಿ ಬಾಲ ‘ಡಾಟ್ ಕೋ ಡಾಟ್ ಇನ್’ ಎಂಬಂತೆ ಎರಡು ತುಂಡಿನದಾಗಿರಬಹುದು.) ಅದಕ್ಕಿಂತ ಎಡಕ್ಕೆ ಚುಕ್ಕಿಯಿಟ್ಟು ಆ ಒಡೆಯ ಏನನ್ನು ಬೇಕಾದರೂ ಬರೆದುಕೊಳ್ಳಬಲ್ಲ, ಹೆಸರಾಂತ ಬ್ಯಾಂಕಿನ ಹೆಸರನ್ನೂ. ನಾವೋ ಎಡದಿಂದ ಓದಿ, ಪರಿಚಿತ ಹೆಸರು ಕಂಡೊಡನೆ ನಿಲ್ಲಿಸಿಬಿಡುತ್ತೇವೆ.

ಆದರೆ ಹೋಲಿಸಿ ನೋಡಲು ಓದುಗನ ಬಳಿ ಸರಿಯಾದ ವಿಳಾಸ ಇರಬೇಕಲ್ಲವೇ? ಅದನ್ನು ಕೊಡಬಲ್ಲವರು ನೀವು, ಏಕೆಂದರೆ ಸುದ್ದಿ ಬರೆದ ವರದಿಗಾರರ ಕೈಯಲ್ಲಿ ಮೂಲ ಪ್ರಕಟಣೆ ಇರುತ್ತದೆ. ದಯವಿಟ್ಟು ವಿಳಾಸವನ್ನು ಸುದ್ದಿಯ ಕೊನೆಯಲ್ಲಿ ಪ್ರತ್ಯೇಕ ಸಾಲಾಗಿ, ಅಕ್ಷರ ಕಿರಿದಾದರೂ ಸರಿಯೇ, ಇಡಿಯಾಗಿ ಮುದ್ರಿಸಿ. ಕ್ಯೂಆರ್ ಕೋಡ್ ಹಾಕುವಿರಾದರೆ ಅದರ ಕೆಳಗೂ ವಿಳಾಸವಿರಲಿ. ಆ ಚೌಕ ಎಲ್ಲಿಗೆ ಕರೆದೊಯ್ಯುತ್ತದೆಂದು ಬರಿಗಣ್ಣಿಗೆ ತಿಳಿಯದು. ಒಂದೇ ಸಾಲಿನಲ್ಲಿ ಹಿಡಿಸದಿದ್ದರೆ ಚುಕ್ಕಿಯ ಬಳಿ ಮುರಿಯಿರಿ, ಅಡ್ಡಗೆರೆ ಮಾತ್ರ ಬೇಡ.

ಇತಿ,
ತಮ್ಮ ಓದುಗ